ಹೆಸರು ಮೊದಲೋ, ಗಾರೆ ಕೆಲಸ ಮೊದಲೋ?

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲಿನವುಗಳ ತಾಪತ್ರಯ ಒಂದೇ. ನೀರಿನ ದಡದಲ್ಲಿ ವರ್ಷಗಳಿಂದ ನಡೆದುಬಂದ ರೆಸ್ಟೊರೆಂಟು, ಕಟ್ಟಡ ಹಳತಾಗಿದೆ, ರಿಪೇರಿಗೆ ಕೈ ಹಾಕಿದ ಮೇಲೆ ಹೆಸರು, ಬೋರ್ಡು, ಮೆನು ಎಲ್ಲವನ್ನೂ ಹೊಸದು ಮಾಡಿಬಿಡೋಣ ಎಂಬ ಯೋಚನೆ. ಕಟ್ಟಡದ ಕೆಲಸ ಬಲ್ಲವರೂ ಬ್ರ್ಯಾಂಡಿಂಗ್ ಬಲ್ಲವರೂ ಕೂತು ಬರೆದ ಉತ್ತರಗಳು ಇಲ್ಲಿವೆ.

ಪ್ರಶ್ನೆ: ನಮ್ಮ ಆರ್ಕಿಟೆಕ್ಟ್ ನಕ್ಷೆ ಮುಗಿಸಿದ್ದಾರೆ, ಮುಂದಿನ ತಿಂಗಳು ಒಡೆಯುವ ಕೆಲಸ ಶುರು. ಹೆಸರು, ಲೋಗೊ ಇನ್ನೂ ತೀರ್ಮಾನವಾಗಿಲ್ಲ. ಕಟ್ಟಡ ಮೇಲೇಳುವಷ್ಟರಲ್ಲಿ ಯೋಚಿಸಿದರೆ ಸಾಲದೇ?

ಉತ್ತರ: ಸಾಲದು. ಹೆಸರು ಕಡೆಯಲ್ಲಿ ನೋಡಿಕೊಂಡರಾಯಿತು ಎಂದು ಬಿಟ್ಟ ಕಡೆಯಲ್ಲೆಲ್ಲ ಹೊಸ ಗೋಡೆಗೆ ಮತ್ತೆ ಡ್ರಿಲ್ ಬೀಳುತ್ತದೆ. ಬೋರ್ಡು ಎಂದರೆ ಗೋಡೆಗೆ ಅಂಟಿಸುವ ಚೀಟಿಯಲ್ಲ. ನೀರಿನ ಕಡೆಯಿಂದ ಬೀಸುವ ಗಾಳಿಯ ಒತ್ತಡ ತಡೆಯಲು ಅದರ ಹಿಂದೆ ಕಬ್ಬಿಣದ ಚೌಕಟ್ಟೋ ಗಟ್ಟಿ ಪ್ಲೈವುಡ್ಡೋ ಬೇಕು, ಮತ್ತು ಅದು ಹೊರ ಹೊದಿಕೆ ಹಾಕುವ ಮುಂಚೆಯೇ ಒಳಗೆ ಕೂತಿರಬೇಕು. ಅಕ್ಷರಗಳಿಗೆ ದೀಪ ಇದ್ದರೆ ಒಂದು ಪ್ರತ್ಯೇಕ ಸರ್ಕ್ಯೂಟು, ಟೈಮರು, ಎಲ್‌ಇಡಿ ಡ್ರೈವರ್ (ದೀಪಕ್ಕೆ ತಕ್ಕ ವಿದ್ಯುತ್ ಒದಗಿಸುವ ಪೆಟ್ಟಿಗೆ) ಇಡಲು ಗಾಳಿಯಾಡುವ ಜಾಗ, ಅದನ್ನು ತೆರೆಯಲು ಒಂದು ಬಾಗಿಲು ಇವೆಲ್ಲ ನಕ್ಷೆಯಲ್ಲೇ ಇರಬೇಕು. ದೀಪಕ್ಕಿಂತ ಮೊದಲು ಕೆಡುವುದು ಡ್ರೈವರ್. ಅದನ್ನು ಬೋರ್ಡಿನ ಒಳಗೇ ಹೂತಿಟ್ಟರೆ ಪ್ರತಿ ಸಲ ಏಣಿ ಹಾಕಿ, ಅಕ್ಷರ ಬಿಚ್ಚಿ, ಮತ್ತೆ ಸೀಲ್ ಮಾಡಬೇಕಾಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ಏನನ್ನು ಉಳಿಸಿಕೊಳ್ಳಬೇಕು ಎಂಬ ಪಟ್ಟಿ ಮೊದಲು. ಆಮೇಲೆ ಹೆಸರು, ಅದರ ಟ್ರೇಡ್‌ಮಾರ್ಕ್ ಹುಡುಕಾಟ. ನಂತರ ಲೋಗೊ, ಅಕ್ಷರ, ಎರಡು ಮೂರು ಬಣ್ಣ. ಇಷ್ಟು ಆದ ಮೇಲೆ ವಿದ್ಯುತ್ ನಕ್ಷೆ, ಮುಂಭಾಗದ ನಕ್ಷೆ, ಸೀಲಿಂಗ್ ನಕ್ಷೆ ಅಂತಿಮವಾಗಲಿ. ನಿಮ್ಮದು ಮುಗಿದ ನಕ್ಷೆ ಎಂದಿರಿ. ಈ ಮೂರನ್ನಷ್ಟೇ ತೆರೆದಿಡಿ ಎಂದು ಆರ್ಕಿಟೆಕ್ಟ್‌ರನ್ನು ಕೇಳಿ. ಒಡೆಯುವುದು, ಡ್ರೈನೇಜು, ಛಾವಣಿ ಇವು ಹೆಸರಿಗೆ ಕಾಯಬೇಕಿಲ್ಲ. ಲೋಗೊ ಮಾಡುವವರನ್ನೂ ಆರ್ಕಿಟೆಕ್ಟ್‌ರನ್ನೂ ಒಂದೇ ಮೇಜಿಗೆ ಒಮ್ಮೆ ಕೂರಿಸಿ. ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡುತ್ತ ಹೋದರೆ ಬಾಗಿಲ ಹಿಡಿ ಒಂದು ಬಣ್ಣ, ಮೆನು ಇನ್ನೊಂದು ಬಣ್ಣ ಆಗುವುದು ಖಂಡಿತ.

ಪ್ರಶ್ನೆ: ಅಪ್ಪ ಹಳೆ ಹೆಸರೇ ಇರಲಿ ಎನ್ನುತ್ತಾರೆ. ತಂಗಿಗೆ ಪೂರ್ತಿ ಹೊಸ ಹೆಸರು ಬೇಕು. ನಾನು ನಡುವೆ ಸಿಕ್ಕಿಕೊಂಡಿದ್ದೇನೆ. ಇದನ್ನು ತೀರ್ಮಾನಿಸುವುದು ಹೇಗೆ?

ಉತ್ತರ: ಮನೆಯಲ್ಲಿ ವಾದ ಮಾಡಿ ಇದು ಬಗೆಹರಿಯುವುದಿಲ್ಲ, ಎಣಿಸಿ ನೋಡಿ. ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಡಿ. ಎರಡು ವಾರ, ಫೋನಿನಲ್ಲಿ ಮೇಜು ಕಾಯ್ದಿರಿಸುವವರು, ದಾರಿ ಕೇಳುವವರು, ಆಟೋದವರು ನಿಮ್ಮ ಜಾಗವನ್ನು ಯಾವ ಮಾತಿನಿಂದ ಕರೆಯುತ್ತಾರೆ ಎಂಬುದನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದಿಡಿ. ಬೋರ್ಡಿನ ಮೇಲೆ ನಾಲ್ಕು ಪದದ ಹೆಸರಿದ್ದರೂ ಜನ ಒಂದೇ ಪದ ಬಳಸುತ್ತಿರಬಹುದು. ಬೋರ್ಡಿನಲ್ಲಿ ಇಲ್ಲವೇ ಇಲ್ಲದ ಅಡ್ಡಹೆಸರನ್ನೇ ಬಳಸುತ್ತಿದ್ದರೂ ಆಶ್ಚರ್ಯವಿಲ್ಲ. ಆ ಪದ ನಿಮ್ಮ ಆಸ್ತಿ. ಅದನ್ನು ಬಿಟ್ಟು ಉಳಿದದ್ದನ್ನು ಏನು ಬೇಕಾದರೂ ಮಾಡಿ.

ಪೂರ್ತಿ ಹೊಸ ಹೆಸರಿಗೆ ನಾವು ಒಪ್ಪುವ ಕಾರಣಗಳು ಕಡಿಮೆ: ಮಾಲೀಕರೇ ಬದಲಾಗಿರುವುದು, ಹಳೆ ಹೆಸರಿಗೆ ಕೆಟ್ಟ ಮಾತು ಅಂಟಿರುವುದು, ಇನ್ನೊಬ್ಬರ ನೋಂದಾಯಿತ ಹೆಸರಿಗೆ ಡಿಕ್ಕಿ ಹೊಡೆಯುವುದು, ಅಥವಾ ಹೆಸರು ಹೇಳುವುದೇ ಒಂದು ನೀವು ಮಾಡುವುದೇ ಇನ್ನೊಂದು ಆಗಿಬಿಟ್ಟಿರುವುದು. ‘ಹಳೇದು ಅನ್ನಿಸುತ್ತೆ’ ಎಂಬುದು ಕಾರಣವಲ್ಲ. ಹಳತೆನಿಸುವುದು ಬಹುತೇಕ ಅಕ್ಷರದ ಶೈಲಿ, ಮಾಸಿದ ಬಣ್ಣ, ಬಿರುಕುಬಿಟ್ಟ ಅಕ್ರಿಲಿಕ್. ಹೆಸರು ಉಳಿಸಿ ಅಕ್ಷರ ಬದಲಿಸಿದರೆ ಅಪ್ಪನೂ ಒಪ್ಪುತ್ತಾರೆ, ತಂಗಿಯೂ ಒಪ್ಪುತ್ತಾರೆ.

ಹೊಸ ಹೆಸರೇ ಸರಿ ಎಂದಾದರೆ, ಅಚ್ಚು ಹಾಕಿಸುವ ಮುಂಚೆ ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಹುಡುಕಿಸಿ. ಟ್ರೇಡ್‌ಮಾರ್ಕಿಗಾಗಿ ಸರಕು, ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದಲ್ಲಿ ಊಟ ತಿಂಡಿ ಒದಗಿಸುವ ಸೇವೆ 43ನೇ ವರ್ಗ. 2002ಕ್ಕೆ ಮೊದಲು ಇದು 42ರಲ್ಲಿ ಸೇರಿತ್ತು, ಹಾಗಾಗಿ ಹಳೆಯ ನೋಂದಣಿಗಳಿಗೆ ಅಲ್ಲೂ ಒಮ್ಮೆ ಇಣುಕಬೇಕು. ಮುಂದೆ ನಿಮ್ಮ ಹೆಸರಿನಲ್ಲಿ ಪೊಟ್ಟಣದ ತಿನಿಸು ಮಾರುವ ಆಸೆಯಿದ್ದರೆ 29 ಮತ್ತು 30ನ್ನೂ ನೋಡಿ. ಬರಹ ಬೇರೆಯಾಗಿ ಉಚ್ಚಾರ ಒಂದೇ ಇರುವ ಹೆಸರೂ ತಕರಾರಿಗೆ ಸಾಕು. ಇನ್ನೊಂದು, ಹಳೆ ಹೆಸರಿನ ನೋಂದಣಿ ನಿಮ್ಮದಿದ್ದರೆ ಅದನ್ನು ಕೈಬಿಡಬೇಡಿ, ನವೀಕರಿಸುತ್ತ ಇರಿ. ಬಳಸದೆ ವರ್ಷಗಟ್ಟಲೆ ಬಿಟ್ಟ ಹೆಸರನ್ನು ರದ್ದು ಮಾಡಿಸಲು ಬೇರೆಯವರಿಗೆ ದಾರಿ ಸಿಗುತ್ತದೆ, ಆದ್ದರಿಂದ ಮೆನುವಿನ ಒಂದು ಮೂಲೆಯಲ್ಲಾದರೂ ಅದು ಬದುಕಿರಲಿ. ಹೊಸ ಬೋರ್ಡಿನ ಕೆಳಗೆ ಹಳೆ ಹೆಸರಿನ ಒಂದು ಸಣ್ಣ ಸಾಲು ಒಂದು ವರ್ಷವಾದರೂ ಇರಬೇಕು.

ಪ್ರಶ್ನೆ: ನೀರಿನ ಕಡೆಯ ಡೆಕ್‌ಗೆ ದಪ್ಪ ಮರದ ಕೈಹಿಡಿ ಹಾಕುವ ಯೋಚನೆ ಇದೆ. ಹಿಂದಿನ ಸಾಲಿನ ಮೇಜುಗಳನ್ನು ಒಂದು ಜಗುಲಿಯ ಮೇಲೆ ಎತ್ತರಿಸಬೇಕು ಎಂದೂ ಆರ್ಕಿಟೆಕ್ಟ್ ಹೇಳುತ್ತಾರೆ. ಇದೆಲ್ಲ ಸುಮ್ಮನೆ ಖರ್ಚು ಅಲ್ಲವೇ?

ಉತ್ತರ: ಮರದ ಕೈಹಿಡಿ ಖರ್ಚಿನ ವಿಷಯ, ಜಗುಲಿ ವ್ಯಾಪಾರದ ವಿಷಯ. ಜನ ಬರುವುದು ನೀರು ನೋಡಲು, ಆ ನೀರನ್ನು ಮರೆಮಾಡುವ ಮೊದಲ ವಸ್ತು ನಿಮ್ಮದೇ ರೇಲಿಂಗು. ಲೆಕ್ಕ ಹಾಕಿ ನೋಡೋಣ.

ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತದೆ. ರೇಲಿಂಗಿನ ತುದಿ 1.05 ಮೀಟರ್ ಎಂದುಕೊಳ್ಳಿ, ಡೆಕ್ ನೀರಿನಿಂದ 3 ಮೀಟರ್ ಮೇಲಿದೆ ಎಂದುಕೊಳ್ಳಿ. ರೇಲಿಂಗಿನಿಂದ ಒಂದೂವರೆ ಮೀಟರ್ ಹಿಂದೆ ಕೂತವರಿಗೆ ಕಣ್ಣಿಗೂ ಕೈಹಿಡಿಗೂ ನಡುವೆ 15 ಸೆಂ.ಮೀ. ಇಳಿಜಾರು ಮಾತ್ರ. ಕೈಹಿಡಿಯ ಮೇಲಿಂದ ಅವರಿಗೆ ಕಾಣುವ ನೀರು ಶುರುವಾಗುವುದು 42 ಮೀಟರ್ ದೂರದಿಂದ. ಎರಡನೇ ಸಾಲಿನವರು 4.5 ಮೀಟರ್ ಹಿಂದಿದ್ದರೆ ಅದೇ ನೋಟ 126 ಮೀಟರ್‌ಗೆ ಓಡುತ್ತದೆ, ಅದೂ ಮುಂದಿನವರ ತಲೆಗಳ ಸಂದಿಯಲ್ಲಿ. ಆ ಸಾಲನ್ನು 300 ಮಿ.ಮೀ. ಎತ್ತರಿಸಿ, ಮತ್ತೆ ಲೆಕ್ಕ ಹಾಕಿ: 45 ಮೀಟರ್. ಹೆಚ್ಚು ಕಡಿಮೆ ಮುಂದಿನ ಸಾಲಿನಷ್ಟೇ. ಹಿಂದಿನ ಮೇಜನ್ನು ‘ಬೇಡ, ಕಾಯ್ತೀವಿ’ ಎನ್ನುವವರು ಕಡಿಮೆಯಾಗುತ್ತಾರೆ.

ಇನ್ನು ಕೈಹಿಡಿಯ ದಪ್ಪ. ಕೆಳಗಿನ ಭಾಗ ಗಾಜು ಅಥವಾ ತೆಳು ಸರಳು ಆದರೆ ಅದರ ಮೂಲಕವೂ ನೀರು ಕಾಣುತ್ತದೆ, ನಡುವೆ ಕೈಹಿಡಿ ಒಂದು ಪಟ್ಟೆಯಷ್ಟು ನೀರನ್ನು ನುಂಗುತ್ತದೆ. ಮೊದಲ ಸಾಲಿನವರಿಗೆ 100 ಮಿ.ಮೀ. ದಪ್ಪದ ಮರ 25ರಿಂದ 42 ಮೀಟರ್‌ವರೆಗಿನ ನೀರನ್ನು ಮುಚ್ಚುತ್ತದೆ. ದೋಣಿಗಳು ಓಡಾಡುವುದು ಬಹುಶಃ ಅಲ್ಲೇ. 40 ಮಿ.ಮೀ. ಆದರೆ ಮುಚ್ಚುವುದು 33ರಿಂದ 42. ಆದ್ದರಿಂದ ಕೈಹಿಡಿ ಅಡ್ಡಡ್ಡ ಎಷ್ಟೇ ಅಗಲವಿರಲಿ, ಲಂಬವಾಗಿ ತೆಳ್ಳಗಿರಲಿ. ಲೋಟ ಇಡುವಷ್ಟು ಅಗಲ ಮಾತ್ರ ಬೇಡ. ಇಟ್ಟೇ ಇಡುತ್ತಾರೆ, ಅದು ನೀರಿಗೆ ಬಿದ್ದೇ ಬೀಳುತ್ತದೆ.

ರೇಲಿಂಗಿನ ಎತ್ತರವನ್ನು ನೋಟಕ್ಕಾಗಿ ತಗ್ಗಿಸಬೇಡಿ. ಅದು ನಿಮ್ಮಲ್ಲಿನ ಕಟ್ಟಡ ನಿಯಮ ಹೇಳಿದಷ್ಟೇ ಇರಬೇಕು. ಸರಳುಗಳ ಸಂದಿ 100 ಮಿ.ಮೀ.ಗಿಂತ ಕಡಿಮೆ ಇರಲಿ. ಅಡ್ಡ ಕೇಬಲ್ ನೋಡಲು ಚಂದ, ಮಕ್ಕಳಿಗೆ ಅದು ಏಣಿ. ಗಾಜಾದರೆ ಟಫನ್ ಮಾಡಿ (ಕಾಯಿಸಿ ಗಟ್ಟಿಗೊಳಿಸಿ) ಲ್ಯಾಮಿನೇಟ್ ಮಾಡಿದ್ದೇ (ಎರಡು ಗಾಜನ್ನು ನಡುವೆ ಪದರವಿಟ್ಟು ಅಂಟಿಸಿದ್ದೇ) ಆಗಬೇಕು. ಬರೀ ಟಫನ್ ಗಾಜು ಒಳಗಿನ ನಿಕಲ್ ಸಲ್ಫೈಡ್ ಕಣದಿಂದ ತಾನಾಗಿಯೇ ಸಿಡಿಯಬಹುದು, ಸಿಡಿದರೆ ಅಲ್ಲಿ ತಡೆಗೆ ಏನೂ ಉಳಿಯುವುದಿಲ್ಲ. ಹೀಟ್ ಸೋಕ್ ಪರೀಕ್ಷೆ, ಅಂದರೆ ಸಿಡಿಯುವಂಥದ್ದು ಕಾರ್ಖಾನೆಯಲ್ಲೇ ಸಿಡಿಯಲೆಂದು ಕಾಯಿಸಿ ನೋಡುವ ಪರೀಕ್ಷೆ, ಆದ ಗಾಜು ಕೇಳಿ. ಗಾಜಿಗೆ ದಿನಾ ಒರೆಸುವ ಆಳು ಬೇಕು ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿ. ಆ ಆಳು ಇಲ್ಲದಿದ್ದರೆ ಸರಳೇ ವಾಸಿ.

ಜಗುಲಿಗೆ 150 ಮಿ.ಮೀ.ನ ಎರಡು ಮೆಟ್ಟಿಲು, ಜೊತೆಗೆ ಗಾಲಿಕುರ್ಚಿಗೆ 1:12 ಇಳಿಜಾರು ಅಂದರೆ 3.6 ಮೀಟರ್ ಉದ್ದ ಬೇಕು. ಆ ಉದ್ದ ಇಲ್ಲವೆಂದರೆ ಮುಂದಿನ ಸಾಲಿನ ಒಂದೆರಡು ಒಳ್ಳೆಯ ಮೇಜುಗಳನ್ನು ಗಾಲಿಕುರ್ಚಿಯವರಿಗೆ ಮೀಸಲಿಡಿ, ಮೂಲೆಯದನ್ನಲ್ಲ.

ಪ್ರಶ್ನೆ: ಸಮುದ್ರದ ಪಕ್ಕ ಇದ್ದೇವೆ. ಹೊಸ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗ್ ಹಾಕಿ ಎಂಟು ತಿಂಗಳಾಗಿಲ್ಲ, ಆಗಲೇ ಚಹಾ ಚೆಲ್ಲಿದ ಹಾಗೆ ಕಂದು ಕಲೆ. ಕೆಲಸ ಮಾಡಿಕೊಟ್ಟವರು ‘304 ಸ್ಟೀಲ್, ತುಕ್ಕು ಹಿಡಿಯೋದೇ ಇಲ್ಲ’ ಎಂದಿದ್ದರು. ಮೋಸ ಹೋದೆವೇ?

ಉತ್ತರ: ಮೋಸ ಅನ್ನುವುದಕ್ಕಿಂತ ಜಾಗಕ್ಕೆ ತಕ್ಕ ಸ್ಟೀಲು ಅಲ್ಲ ಅನ್ನಿ. ಈ ಕಲೆಗೆ ಈ ಕಸುಬಿನಲ್ಲಿ ‘ಟೀ ಸ್ಟೇನಿಂಗ್’ ಎಂದೇ ಹೆಸರು. ಗಾಳಿಯಲ್ಲಿ ತೇಲಿಬಂದ ಉಪ್ಪು ಮೇಲ್ಮೈಯಲ್ಲಿ ಕೂತು, ಅದರ ಕ್ಲೋರೈಡು ಸ್ಟೀಲಿನ ರಕ್ಷಣಾ ಪದರವನ್ನು ಚುಕ್ಕೆ ಚುಕ್ಕೆಯಾಗಿ ಮುರಿಯುತ್ತದೆ. 316 ಎಂಬ ಇನ್ನೊಂದು ದರ್ಜೆಯ ಸ್ಟೀಲಿನಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇರುವುದರಿಂದ ಅದು ಹೆಚ್ಚು ತಡೆಯುತ್ತದೆ. 304ರಲ್ಲಿ ಅದಿಲ್ಲ. ಸಿಹಿನೀರಿನ ಕೆರೆ, ನದಿಯ ದಡಕ್ಕೆ 304 ಧಾರಾಳ ಸಾಕು, ಸಮುದ್ರಕ್ಕೆ ಸಾಲದು. ಆಯಸ್ಕಾಂತ ಹಿಡಿದು 304, 316 ಬೇರ್ಪಡಿಸಲು ಆಗುವುದಿಲ್ಲ. ಮಾಲಿಬ್ಡಿನಂ ಪತ್ತೆಹಚ್ಚುವ ದ್ರಾವಣದ ಹನಿ ಹಾಕಿ ನೋಡಬೇಕು ಅಥವಾ ಗಿರಣಿಯ ಪ್ರಮಾಣಪತ್ರ ಕೇಳಬೇಕು. ಬೋಲ್ಟುಗಳಲ್ಲಿ ಸುಲಭ, ತಲೆಯ ಮೇಲೆ ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316ರ ಜಾತಿ.

ಈಗ ಕಿತ್ತುಹಾಕುವ ಅಗತ್ಯವಿಲ್ಲ. ಕಲೆ ಮೇಲುಮೇಲಿನದು, ಬಲ ಕುಂದಿರುವುದಿಲ್ಲ. ಫಾಸ್ಫಾರಿಕ್ ಅಥವಾ ಆಕ್ಸಾಲಿಕ್ ಆಮ್ಲ ಆಧಾರಿತ ಸ್ಟೀಲ್ ಕ್ಲೀನರ್ ಬಳಸಿ, ಮೆತ್ತನೆಯ ಬಟ್ಟೆಯಲ್ಲಿ ಗೀರಿನ ದಿಕ್ಕಿಗೇ ಒರೆಸಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಬ್ಬಿಣದ ಉಜ್ಜುನಾರು ಬೇಡವೇ ಬೇಡ, ಅದರ ಚೂರುಗಳೇ ಹೊಸ ತುಕ್ಕಿನ ಬೀಜ. ಬಾತ್‌ರೂಮಿನ ಆ್ಯಸಿಡ್ ಅಂತೂ ಹತ್ತಿರವೂ ಸುಳಿಯಬಾರದು, ಅದು ಹೈಡ್ರೋಕ್ಲೋರಿಕ್, ಅಂದರೆ ಕ್ಲೋರೈಡೇ. ಕಲೆ ಎಲ್ಲಿ ಹೆಚ್ಚಿದೆ ನೋಡಿ. ಮಳೆ ಬೀಳುವ ಕಡೆಗಿಂತ ಸೂರಿನ ಕೆಳಗೆ ಹೆಚ್ಚಿರುತ್ತದೆ, ಏಕೆಂದರೆ ಅಲ್ಲಿನ ಉಪ್ಪನ್ನು ತೊಳೆಯುವ ಮಳೆ ಇಲ್ಲ. ಅಲ್ಲಿ ವಾರಕ್ಕೊಮ್ಮೆ ಸಿಹಿನೀರಿನ ಪೈಪು ಹಿಡಿಯಿರಿ. ಬೆಸುಗೆಯ ಕೀಲುಗಳ ಸುತ್ತ ಮಾತ್ರ ಕಲೆ ಇದ್ದರೆ ಕೆಲಸದವರು ಬೆಸುಗೆಯ ಕಾವಿಗೆ ಮೂಡಿದ ಬಣ್ಣವನ್ನು ಆಮ್ಲದ ಪೇಸ್ಟಿನಿಂದ ತೆಗೆದಿಲ್ಲ, ಇಲ್ಲವೇ ಮಾಮೂಲಿ ಕಬ್ಬಿಣ ಉಜ್ಜಿದ ಗ್ರೈಂಡರ್ ಚಕ್ರವನ್ನೇ ಇದಕ್ಕೂ ಬಳಸಿದ್ದಾರೆ. ಆ ತಪ್ಪನ್ನು ಅವರಿಂದಲೇ ಸರಿಮಾಡಿಸಿಕೊಳ್ಳಿ.

ಮುಂದೆ ಬಣ್ಣ ಹೊಡೆಸುವ ಎಲ್ಲ ಕಬ್ಬಿಣದ ಕೆಲಸಕ್ಕೂ ಬಣ್ಣದವರಿಗೆ ‘ಐಎಸ್‌ಒ 12944ರ ಸಿ5 ವರ್ಗಕ್ಕೆ ತಕ್ಕ ಲೇಪನ’ ಎಂದು ಬರೆದುಕೊಡಿ. ಸಿ5 ಎಂದರೆ ಆ ಅಂತರರಾಷ್ಟ್ರೀಯ ಮಾನದಂಡದಲ್ಲಿ ತುಕ್ಕಿನ ಕಾಟ ಬಹಳ ಹೆಚ್ಚಿರುವ ಜಾಗ. ‘ಸಮುದ್ರಕ್ಕೆ ಒಳ್ಳೆ ಪೇಂಟು’ ಎಂದು ಬಾಯಲ್ಲಿ ಹೇಳಬೇಡಿ. ಅಲ್ಯೂಮಿನಿಯಂ ಬೋರ್ಡಿನ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ಹಾಕುವಾಗ ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟನ್ನು ಸುತ್ತುವ ನೈಲಾನ್ ಕೊಳವೆ ಹಾಕಿಸಿ. ಎರಡು ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಅಲ್ಯೂಮಿನಿಯಂ ಬೂದಿಯಾಗುತ್ತ ಹೋಗುತ್ತದೆ, ತೂತು ದೊಡ್ಡದಾಗುತ್ತದೆ, ಒಂದು ಬಿರುಗಾಳಿಗೆ ಬೋರ್ಡು ಸಡಿಲ.

ಪ್ರಶ್ನೆ: ಮರದ ಡೆಕ್ ಹಲಗೆಗಳು ದೋಣಿಯಂತೆ ಬಾಗಿವೆ, ಮಳೆ ಬಂದರೆ ಜಾರುತ್ತದೆ.

ಉತ್ತರ: ಹಲಗೆಯ ಕೆಳಗೆ ಗಾಳಿಯಿಲ್ಲದಿದ್ದರೆ ಕೆಳಮೈ ಒದ್ದೆ, ಮೇಲ್ಮೈ ಒಣ, ಬಾಗದೆ ಇನ್ನೇನು ಮಾಡೀತು. ಹಲಗೆಗಳ ನಡುವೆ 5ರಿಂದ 6 ಮಿ.ಮೀ. ಸಂದಿ, ಕತ್ತರಿಸಿದ ತುದಿಗಳಿಗೆ ಮೇಣದ ಸೀಲು, ಪ್ರತಿ ತೊಲೆಯ ಮೇಲೆ ಎರಡೆರಡು ಎ4 ತಿರುಪು. ಕಾಣದಂತೆ ಹಿಡಿಯುವ ಕ್ಲಿಪ್ಪುಗಳು ನೋಟಕ್ಕೆ ಚಂದ, ಆದರೆ ರೆಸ್ಟೊರೆಂಟಿನ ಡೆಕ್ಕಿನ ಕೆಳಗೆ ಅನ್ನ, ಮೂಳೆ, ಟಿಶ್ಯೂ ಬೀಳುತ್ತದೆ. ಅಲ್ಲಲ್ಲಿ ಬಿಚ್ಚಿ ತೊಳೆಯುವಂಥ ಭಾಗಗಳು ಇರದಿದ್ದರೆ ಇಲಿ ಬರುತ್ತದೆ. ಜಾರುವುದಕ್ಕೆ ಹೊಸ ಹಲಗೆಯಾದರೆ ಜಾರಿಕೆ ತಡೆಯ ಆರ್11 ದರ್ಜೆ ಕೇಳಿ. ಹಳೆಯದಾದರೆ ಮೊದಲು ಪಾಚಿ ತೊಳೆಯಿರಿ, ಮುಕ್ಕಾಲು ಜಾರಿಕೆ ಅದರದೇ. ಹೊಳಪಿನ ವಾರ್ನಿಷ್ ಹೊಡೆಯಬೇಡಿ, ಎಣ್ಣೆ ಕುಡಿಸಿ.

ಪ್ರಶ್ನೆ: ಒಳಾಂಗಣವನ್ನು ಗಾಜು, ಕಾಂಕ್ರೀಟು, ಗ್ರಾನೈಟ್‌ನಲ್ಲಿ ಹೊಸದಾಗಿ ಮಾಡಿಸಿದೆವು. ಎಲ್ಲರೂ ಚಂದ ಎನ್ನುತ್ತಾರೆ, ಆದರೆ ಹಳೆ ಗಿರಾಕಿಗಳು ಬೇಗ ಎದ್ದು ಹೋಗುತ್ತಿದ್ದಾರೆ. ಗದ್ದಲ ಜಾಸ್ತಿ ಎಂಬ ದೂರು. ಜನ ಮೊದಲಿನಷ್ಟೇ, ಗದ್ದಲ ಹೇಗೆ ಹೆಚ್ಚಾಯಿತು?

ಉತ್ತರ: ಮೊದಲು ಅಲ್ಲಿ ಇದ್ದದ್ದು ಏನು? ತೆರೆದ ಕಿಟಕಿ, ಪರದೆ, ಮೆತ್ತನೆ ಕುರ್ಚಿ, ಬಟ್ಟೆ ಹಾಸಿದ ಮೇಜು. ತೆರೆದ ಕಿಟಕಿಯಷ್ಟು ಸದ್ದು ನುಂಗುವ ವಸ್ತು ಇನ್ನೊಂದಿಲ್ಲ, ಸದ್ದು ಹೊರಗೆ ಹೋಗಿ ನೀರಿನ ಮೇಲೆ ತೇಲಿಹೋಗುತ್ತಿತ್ತು. ಈಗ ಅಲ್ಲಿ ಗಾಜು.

12 ಮೀಟರ್ ಉದ್ದ, 10 ಅಗಲ, 3.5 ಎತ್ತರದ ಹಾಲ್ ತೆಗೆದುಕೊಳ್ಳಿ, 420 ಘನ ಮೀಟರ್. ಸಬೀನ್ ಸೂತ್ರದಂತೆ ಸದ್ದು ಅಡಗುವ ಸಮಯ ಎಂದರೆ 0.161ನ್ನು ಘನ ಅಳತೆಯಿಂದ ಗುಣಿಸಿ, ಹಾಲ್‌ನ ಒಟ್ಟು ಹೀರಿಕೆಯಿಂದ ಭಾಗಿಸುವುದು. ಹೀರಿಕೆ ಎಂದರೆ, ಅಲ್ಲಿರುವುದೆಲ್ಲ ಸೇರಿ ಎಷ್ಟು ಚದರ ಮೀಟರ್ ತೆರೆದ ಕಿಟಕಿಯಷ್ಟು ಸದ್ದು ನುಂಗುತ್ತದೆ ಎಂಬ ಅಳತೆ. ಎಲ್ಲ ಗಟ್ಟಿ ಮೇಲ್ಮೈ ಇರುವಾಗ, ಜನರನ್ನೂ ಸೇರಿಸಿ ಹೀರಿಕೆ 40 ಚದರ ಮೀಟರ್‌ನಷ್ಟು ಇದ್ದರೆ ಉತ್ತರ 1.7 ಸೆಕೆಂಡ್. ಅಷ್ಟರಲ್ಲಿ ಪಕ್ಕದ ಮೇಜಿನವರ ಮಾತು ನಿಮ್ಮ ಮಾತಿನ ಮೇಲೆ ಬಿದ್ದು, ನೀವು ದನಿ ಏರಿಸಿ, ಅವರೂ ಏರಿಸಿ, ಹಾಗೇ ಏರುತ್ತ ಹೋಗುತ್ತದೆ. ಊಟದ ಹಾಲ್‌ಗೆ 0.8ರ ಆಸುಪಾಸು ಹಿತ. 0.8 ಹೀರಿಕೆ ದರದ ಫಲಕ 60 ಚದರ ಮೀಟರ್ ಹಾಕಿದರೆ 48 ಸೇರಿ ಒಟ್ಟು 88 ಆಗುತ್ತದೆ, ಸಮಯ 0.77ಕ್ಕೆ ಇಳಿಯುತ್ತದೆ. ಅಂದರೆ ಸೀಲಿಂಗಿನ ಅರ್ಧ. ಹೊಸ ನೋಟ ಕೆಡಿಸಬೇಕಿಲ್ಲ, ಸೀಲಿಂಗಿಗೆ ಅಂಟಿಸುವ ಇಲ್ಲವೇ ಇಳಿಬಿಡುವ ರಾಕ್‌ವೂಲ್ ಫಲಕಗಳು ಮೇಜಿನ ಮೇಲೆಯೇ ಬರುವಂತೆ ಇರಲಿ. ಇಳಿಬಿಟ್ಟ ಫಲಕದ ಹಿಂಬದಿಯೂ ಹೀರುವುದರಿಂದ ಲಾಭ ಹೆಚ್ಚು. ಉಪ್ಪು ತೇವದ ಜಾಗವಾದರೆ ತೂಗುವ ತಂತಿಯೂ ಸ್ಟೇನ್‌ಲೆಸ್ ಆಗಿರಲಿ. ಥರ್ಮೊಕೋಲ್ ಹಾಳೆ, ಮೊಟ್ಟೆಯ ಟ್ರೇ ಇವು ಸದ್ದಿಗೆ ಏನೂ ಮಾಡುವುದಿಲ್ಲ, ಬೆಂಕಿಗೆ ಬಹಳ ಮಾಡುತ್ತವೆ.

ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ. ಇದು ನಾಳೆಯೇ ಮಾಡಬಹುದಾದ ಕೆಲಸ.

ಪ್ರಶ್ನೆ: ದೊಡ್ಡ ಗಾಜಿನ ಗೋಡೆ ಹಾಕಿದ್ದೇವೆ. ಹಗಲು ಕಣ್ಣು ಕುಕ್ಕುತ್ತದೆ, ರಾತ್ರಿ ನೀರೇ ಕಾಣುವುದಿಲ್ಲ, ನಮ್ಮದೇ ಮುಖ ಕಾಣುತ್ತದೆ.

ಉತ್ತರ: ಎರಡಕ್ಕೂ ಬೇರೆ ಬೇರೆ ಮದ್ದು. ಹಗಲಿನದು ನೀರಿನಿಂದ ಪುಟಿದು ಬರುವ ಬೆಳಕು. ಸೂರ್ಯ ಬಾನಂಚಿಗೆ ಇಳಿದಷ್ಟೂ ನೀರು ಕನ್ನಡಿಯಾಗುತ್ತದೆ. ಇದು ಕೆಳಗಿಂದ ಬರುವುದರಿಂದ ಸೂರನ್ನು ಮುಂದೆ ಚಾಚಿ ಪ್ರಯೋಜನವಿಲ್ಲ, ಒಳಗಿನಿಂದ ಇಳಿಬಿಡುವ ಜಾಲರಿ ರೋಲರ್ ಪರದೆಯೇ ಬೇಕು. ಗಾಢ ಬಣ್ಣದ ಜಾಲರಿಯ ಮೂಲಕ ಹೊರಗಿನ ನೋಟ ತಿಳಿ ಬಣ್ಣದ್ದಕ್ಕಿಂತ ಸ್ಪಷ್ಟ. ಮೇಜಿನ ಮೇಲ್ಮೈಯೂ ಮೆನು ಕಾರ್ಡೂ ಹೊಳಪಿನವು ಬೇಡ. ಲ್ಯಾಮಿನೇಟ್ ಮಾಡಿದ ಮೆನುವನ್ನು ಅಲ್ಲಿ ಓದಲು ಅದನ್ನು ನಾಲ್ಕು ದಿಕ್ಕಿಗೆ ತಿರುಗಿಸಬೇಕಾಗುತ್ತದೆ.

ರಾತ್ರಿ ಒಂದು ಪದರದ ಗಾಜು ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು 8 ಶೇಕಡಾ ಹಿಂದಿರುಗಿಸುತ್ತದೆ, ಎರಡು ಪದರದ್ದು ಇನ್ನೂ ಹೆಚ್ಚು. ಹೊರಗೆ ಕತ್ತಲೆ, ಒಳಗೆ ಬೆಳಕು ಇದ್ದರೆ ಅಷ್ಟು ಸಾಕು ನೀರನ್ನು ಅಳಿಸಲು. ಸೀಲಿಂಗಿನ ಬರಿ ಬಲ್ಬುಗಳನ್ನು ತೆಗೆದು, ಒಳಗೆ ಹುದುಗಿ ಕೂರುವ, ಬೆಳಕು ಮೇಜಿನ ಮೇಲಷ್ಟೇ ಬೀಳುವ ದೀಪ ಹಾಕಿ. 2700 ಕೆಲ್ವಿನ್ (ಹಳದಿ ಛಾಯೆಯ ಬೆಳಕು), ಡಿಮ್ಮರ್ ಸಹಿತ. ಗಾಜಿನ ಎದುರು ಗೋಡೆ ಗಾಢ ಬಣ್ಣದ್ದಾಗಿರಲಿ, ಬಿಳಿ ಗೋಡೆಯೇ ಗಾಜಿನಲ್ಲಿ ಮೊದಲು ಮೂಡುವುದು. ಹೊರಗೆ ಡೆಕ್ಕಿನ ಅಂಚಿಗೆ ಕೆಳಮುಖವಾದ ಮಂದ ದೀಪ ಕೊಡಿ, ಕಣ್ಣಿಗೆ ಹೊರಗೊಂದು ಆಸರೆ ಸಿಗುತ್ತದೆ. ನೀರಿಗೇ ಫ್ಲಡ್‌ಲೈಟ್ ಹೊಡೆಯಬೇಡಿ. ಹುಳು ಮುತ್ತುತ್ತವೆ, ಜಲಚರಗಳಿಗೂ ಒಳ್ಳೆಯದಲ್ಲ, ದೋಣಿ ನಡೆಸುವವರ ಕಣ್ಣಿಗೂ ಅಲ್ಲ.

ಪ್ರಶ್ನೆ: ಲೋಗೊದ ಬಣ್ಣ ಲ್ಯಾಪ್‌ಟಾಪಿನಲ್ಲಿ ಒಂದು, ಬೋರ್ಡಿನಲ್ಲಿ ಒಂದು, ಬಿಲ್ಲಿನಲ್ಲಿ ಒಂದು. ಅಕ್ಷರ ಎಷ್ಟು ದೊಡ್ಡದಿರಬೇಕು ಎಂಬುದರಲ್ಲೂ ಗೊಂದಲ.

ಉತ್ತರ: ಬಣ್ಣ ಆರಿಸುವ ಕ್ರಮ ತಲೆಕೆಳಗಾಗಿದೆ. ಪರದೆ ಹೆಚ್ಚುಕಡಿಮೆ ಯಾವ ಬಣ್ಣವನ್ನಾದರೂ ತೋರಿಸುತ್ತದೆ, ಮುದ್ರಣ ಬಹಳಷ್ಟನ್ನು ಕೊಡುತ್ತದೆ, ಬೋರ್ಡಿನ ಲೋಹಕ್ಕೆ ಹಾಕುವ ಪೌಡರ್ ಕೋಟಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ರಾಲ್ (RAL) ಎಂಬ, ಬಣ್ಣಕ್ಕೊಂದು ಸಂಖ್ಯೆಯಿರುವ ಪಟ್ಟಿಯ ನಿಗದಿತ ಬಣ್ಣಗಳು. ಆದ್ದರಿಂದ ಮೊದಲು ರಾಲ್ ಪಟ್ಟಿಯಿಂದ ಆರಿಸಿ, ಅದಕ್ಕೆ ಹತ್ತಿರದ ಮುದ್ರಣ ಬಣ್ಣ ಹುಡುಕಿ, ಕಡೆಗೆ ಪರದೆಯದು. ಒಂದಡಿ ಚದರದ ಲೇಪಿತ ತಗಡಿನ ತುಂಡನ್ನು ತರಿಸಿ ಬೋರ್ಡು ಬರುವ ಜಾಗದಲ್ಲೇ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಕೆಂಪು, ಕಿತ್ತಳೆ ಬಿಸಿಲಿಗೆ ಬೇಗ ಮಾಸುತ್ತವೆ. ಬಿಲ್ಲಿನ ಥರ್ಮಲ್ ಪ್ರಿಂಟರಿಗೆ ಇರುವುದು ಕಪ್ಪು ಒಂದೇ, ಆದ್ದರಿಂದ ಕಪ್ಪೊಂದರಲ್ಲೇ, ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಲೋಗೊ ಗುರುತು ಸಿಗುತ್ತದೆಯೇ ಎಂದು ನೋಡಿಯೇ ಒಪ್ಪಿಗೆ ಕೊಡಿ.

ಅಕ್ಷರಕ್ಕೆ ಒಂದು ಹಳೆಯ ಲೆಕ್ಕ, 3 ಮೀಟರ್ ದೂರಕ್ಕೆ 25 ಮಿ.ಮೀ. ಎತ್ತರ. 60 ಮೀಟರ್ ದೂರದ ದೋಣಿಗಟ್ಟೆಯಿಂದ ಆರಾಮವಾಗಿ ಓದಬೇಕಾದರೆ 500 ಮಿ.ಮೀ. ಕನ್ನಡದಂಥ ಲಿಪಿಯಲ್ಲಿ ಈ ಅಳತೆ ಮೂಲಾಕ್ಷರದ್ದು. ಮೇಲಿನ ಗುಡಿಸು, ಕೆಳಗಿನ ಒತ್ತು ಸೇರಿ ಬೋರ್ಡು ಹೆಚ್ಚುಕಡಿಮೆ ಎರಡರಷ್ಟು ಎತ್ತರ ಬೇಡುತ್ತದೆ. ಬೇರೆ ಲಿಪಿಯ ಹೆಸರಿಗೆ ಮಾಡಿದ ಪಟ್ಟಿಯೊಳಗೆ ಕನ್ನಡವನ್ನು ತುರುಕಿದಾಗ ಒತ್ತಕ್ಷರ ಇರುವೆಯಾಗುವುದು ಇದರಿಂದಲೇ. ರಸ್ತೆಯ ಕಡೆಗೆ ಒಂದು, ನೀರಿನ ಕಡೆಗೆ ಒಂದು, ಹೀಗೆ ಎರಡು ಬೋರ್ಡಿನ ಲೆಕ್ಕ ಮೊದಲೇ ಇರಲಿ. ಮೆನುವಿನ ಅಕ್ಷರ 11 ಪಾಯಿಂಟಿಗಿಂತ ಕಡಿಮೆ ಬೇಡ, ತಿಳಿ ಬೂದು ಬಣ್ಣವಂತೂ ಬೇಡ.

ಪ್ರಶ್ನೆ: ಪೂರ್ತಿ ಮುಚ್ಚಿ ಮಾಡುವುದೋ, ಅರ್ಧರ್ಧ ತೆರೆದುಕೊಂಡೋ?

ಉತ್ತರ: ನೆಲ, ಅಡುಗೆಮನೆ, ವೈರಿಂಗ್ ಮೂರರಲ್ಲಿ ಎರಡನ್ನಾದರೂ ಮುಟ್ಟುತ್ತಿದ್ದರೆ ಮುಚ್ಚಿ. ಅರ್ಧ ತೆರೆದು ಮಾಡಿದರೆ ಕೆಲಸ ಎಳೆಯುತ್ತದೆ, ಧೂಳು ಊಟಕ್ಕೆ ಬೀಳುತ್ತದೆ, ಜನ ನೋಡುವ ಮೊದಲ ‘ಹೊಸ ರೂಪ’ ಸಿಮೆಂಟ್ ಚೀಲಗಳದ್ದಾಗುತ್ತದೆ. ಡೆಕ್ಕು, ಬಣ್ಣ, ಪೀಠೋಪಕರಣ ಮಾತ್ರವಾದರೆ ಭಾಗ ಭಾಗವಾಗಿ ಮಾಡಬಹುದು.

ಮುಚ್ಚಿದ ಅವಧಿಯಲ್ಲಿ ತಪ್ಪದೆ ನೋಡಬೇಕಾದದ್ದು ಅಡುಗೆಮನೆಯ ಗಾಳಿ. ಮೊದಲು ತೆರೆದಿದ್ದ ಮುಂಭಾಗಕ್ಕೆ ಗಾಜು ಬಂದಮೇಲೂ ಚಿಮಣಿಯ ಫ್ಯಾನ್ ಅಷ್ಟೇ ಗಾಳಿ ಎಳೆಯುತ್ತದೆ, ಒಳಗೆ ಬರಲು ದಾರಿಯಿಲ್ಲ. ಆಗ ಬಾಗಿಲು ತೆರೆಯಲು ಬಲ ಹಾಕಬೇಕು, ಸಂದಿಗಳು ಶಿಳ್ಳೆ ಹೊಡೆಯುತ್ತವೆ, ಶೌಚಾಲಯದ ವಾಸನೆ ಊಟದ ಹಾಲ್‌ಗೆ ಬರುತ್ತದೆ. ಹೊರಗೆ ಎಳೆಯುವ ಗಾಳಿಯ 80ರಿಂದ 90 ಶೇಕಡಾವನ್ನು ಅಡುಗೆಮನೆಗೇ ಬೇರೆ ಫ್ಯಾನಿನಿಂದ ಒಳಗೆ ತನ್ನಿ. ಉಳಿದ ಸ್ವಲ್ಪ ಹಾಲ್‌ನ ಕಡೆಯಿಂದ ಬಂದರೆ ಒಗ್ಗರಣೆಯ ಹೊಗೆ ಹಾಲ್‌ಗೆ ನುಗ್ಗುವುದಿಲ್ಲ. ಚಿಮಣಿಯ ಬಾಯಿ ನೀರಿನ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇರಬಾರದು.

ತೆರೆಯುವಾಗ ಮೊದಲ ವಾರ ಅರ್ಧಕ್ಕಿಂತ ಕಡಿಮೆ ಮೇಜು ಹಾಕಿ, ಪ್ರಚಾರವಿಲ್ಲದೆ. ಹೊಸ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಕೈಗೆ ಅಭ್ಯಾಸವಾಗಲು ಅಷ್ಟು ದಿನ ಬೇಕು. ಉದ್ಘಾಟನೆಯ ಗದ್ದಲ ಎರಡನೇ ವಾರದ ನಂತರ.

ಪ್ರಶ್ನೆ: ನೀರು ಏರಿದಾಗ ಹೊಸ ಒಳಾಂಗಣ ಹಾಳಾಗದಂತೆ ಏನು ಮಾಡಬಹುದು?

ಉತ್ತರ: ಹಿಂದೆ ನೀರು ಬಂದ ಅತಿ ಎತ್ತರದ ಗುರುತನ್ನು ಗೋಡೆಯ ಮೇಲೆ ಹುಡುಕಿ ಅದಕ್ಕೆ ಅರ್ಧ ಮೀಟರ್ ಸೇರಿಸಿ. ಆ ಗೆರೆಯ ಕೆಳಗೆ ಜಿಪ್ಸಮ್ ಬೋರ್ಡಿನ ಬದಲು ಸಿಮೆಂಟ್ ಬೋರ್ಡು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬದಲು ಸ್ಟೀಲ್ ಕಾಲಿನ ಕೌಂಟರು. ಪ್ಲಗ್ಗು, ಡಿಸ್ಟ್ರಿಬ್ಯೂಷನ್ ಬೋರ್ಡು, ಬೋರ್ಡಿನ ಎಲ್‌ಇಡಿ ಡ್ರೈವರು ಎಲ್ಲ ಮೇಲೆ. ಚರಂಡಿಯ ಕೊಳವೆಗೆ ಹಿಮ್ಮುಖ ಹರಿವು ತಡೆಯುವ ಕವಾಟ ಇರಲಿ. ಹಲವು ಸಲ ನೀರು ಬಾಗಿಲಿಂದಲ್ಲ, ನೆಲದ ಜಾಲರಿಯಿಂದ ಬರುತ್ತದೆ. ಜಿಡ್ಡು ಹಿಡಿಯುವ ಗುಂಡಿಯ ಮುಚ್ಚಳ ಬೋಲ್ಟ್ ಹಾಕುವಂಥದ್ದೇ ಆಗಲಿ.

ಪ್ರಶ್ನೆ: ಹೆಸರು ಬದಲಾದ ಮೇಲೆ ಇಂಟರ್‌ನೆಟ್ಟಿನಲ್ಲಿ, ಬಿಲ್ಲಿನಲ್ಲಿ ಏನೇನು ಬದಲಿಸಬೇಕು?

ಉತ್ತರ: ಮೊದಲ ತಪ್ಪು ಇಲ್ಲಿಯೇ ಆಗುವುದು. ಗೂಗಲ್ ಮ್ಯಾಪ್‌ನಲ್ಲಿ ಹೊಸ ಹೆಸರಿಗೆ ಹೊಸ ಗುರುತು ಹಾಕಿ, ಹಳೆಯದನ್ನು ‘ಶಾಶ್ವತವಾಗಿ ಮುಚ್ಚಿದೆ’ ಎಂದು ಮಾಡಿಬಿಡುತ್ತಾರೆ. ವರ್ಷಗಳ ವಿಮರ್ಶೆ, ಫೋಟೊ ಎಲ್ಲ ಅಲ್ಲೇ ಸಮಾಧಿ. ಮಾಲೀಕರೂ ಜಾಗವೂ ಅದೇ ಆಗಿದ್ದರೆ ಹಳೆಯ ಗುರುತಿನಲ್ಲೇ ಹೆಸರು ತಿದ್ದಿ. ಕೆಲಸ ನಡೆಯುವಾಗ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದಿರಲಿ. ಹೆಸರು ತಿದ್ದುವುದು ಬೋರ್ಡು ಏರಿದ ದಿನ, ಹೊಸ ಬೋರ್ಡಿನ ಫೋಟೊ ಸಮೇತ. ಬೋರ್ಡು ಹಳೆಯದು, ಮ್ಯಾಪು ಹೊಸದು ಆದರೆ ಬಂದವರು ಗೇಟಿನಿಂದ ವಾಪಸ್ ಹೋಗುತ್ತಾರೆ.

ಹಳೆ ವೆಬ್‌ಸೈಟಿನ ಪ್ರತಿ ಪುಟವೂ ಹೊಸದರ ಅದೇ ಪುಟಕ್ಕೆ 301 ಮರುನಿರ್ದೇಶನದಿಂದ (ಪುಟದ ವಿಳಾಸ ಶಾಶ್ವತವಾಗಿ ಬದಲಾಗಿದೆ ಎಂಬ ಸೂಚನೆಯಿಂದ) ಹೋಗಲಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಇದು ಕನಿಷ್ಠ ಒಂದು ವರ್ಷ ಇರಬೇಕು. ಡೊಮೇನನ್ನಂತೂ ಅದಕ್ಕಿಂತ ಬಹುಕಾಲ ಉಳಿಸಿಕೊಳ್ಳಿ. ಹಳೆ ಇಮೇಲ್ ಹೊಸದಕ್ಕೆ ಬರುತ್ತಿರಲಿ, ಮುಂಗಡ ಕಾಯ್ದಿರಿಸಿದವರು ಅಲ್ಲಿಗೇ ಬರೆಯುತ್ತಾರೆ. ಫೋನ್ ನಂಬರ್ ಬದಲಿಸಲೇಬೇಡಿ. ಮೇಜಿನ ಮೇಲಿನ ಕ್ಯೂಆರ್ ಕೋಡು ನಿಮ್ಮದೇ ವಿಳಾಸಕ್ಕೆ ಹೋಗುವಂಥದ್ದಾದರೆ ಮೆನು ಬದಲಾದಾಗಲೆಲ್ಲ ಮರುಮುದ್ರಣ ಬೇಡ.

ಎಲ್ಲರೂ ಮರೆಯುವುದು ಕಾರ್ಡ್ ಯಂತ್ರ. ಗ್ರಾಹಕರ ಬ್ಯಾಂಕ್ ಸಂದೇಶದಲ್ಲಿ ಬರುವ ಹೆಸರು ಹಳೆಯದೇ ಉಳಿದರೆ, ‘ಇದು ನಾನು ಖರ್ಚು ಮಾಡಿದ್ದಲ್ಲ’ ಎಂದು ಅವರು ಬ್ಯಾಂಕಿಗೆ ದೂರು ಕೊಡುತ್ತಾರೆ, ಬ್ಯಾಂಕು ಹಣ ತಡೆಹಿಡಿಯುತ್ತದೆ. ತೆರೆಯುವುದಕ್ಕೆ ಕೆಲವು ವಾರ ಮುಂಚೆಯೇ ಬ್ಯಾಂಕಿಗೆ ಅರ್ಜಿ ಹಾಕಿ, ಮೊದಲ ದಿನ ನಿಮ್ಮದೇ ಕಾರ್ಡಿನಿಂದ ಒಂದು ಬಿಲ್ ಕಟ್ಟಿ ಸಂದೇಶ ನೋಡಿ. ಪರವಾನಗಿ, ತೆರಿಗೆ ನೋಂದಣಿ, ವಿಮೆ ಮೂರರಲ್ಲೂ ಹೆಸರು ಒಂದೇ ಇರಲಿ. ವಿಮೆಯಲ್ಲಿ ಹೊಸ ಗಾಜು, ಹೊಸ ಡೆಕ್ಕಿನ ಮೌಲ್ಯವೂ ಸೇರಿದೆಯೇ ನೋಡಿಕೊಳ್ಳಿ. ಹಳೆ ಹೆಸರಿನ ಉಡುಗೊರೆ ಕೂಪನ್ ಹಿಡಿದು ಯಾರಾದರೂ ಬಂದರೆ ಮಾಣಿಗಳು ಮ್ಯಾನೇಜರನ್ನು ಕೇಳಲು ಓಡಬಾರದು. ಮರುಮಾತಿಲ್ಲದೆ ತೆಗೆದುಕೊಳ್ಳಿ ಎಂದು ಮೊದಲೇ ಹೇಳಿರಿ.